ಗುಡ್ಡೆ ಒಂದೇ, ಕಟ್ಟಳೆ ಎರಡು

ತಲಪಾಡಿಯ ಗಡಿಯಲ್ಲಿ ಬಸ್ಸು ನಿಂತಾಗ ಅತ್ತ ಇತ್ತ ನೋಡಿದರೆ ಬದಲಾಗುವುದು ಬೋರ್ಡುಗಳ ಲಿಪಿ ಮಾತ್ರ. ಮಣ್ಣು ಬದಲಾಗುವುದಿಲ್ಲ. ಉಳ್ಳಾಲದಿಂದ ಚೆರುವತ್ತೂರಿನ ತನಕ ಅದೇ ಕೆಂಪು ಮಣ್ಣು, ಅದೇ ಮುರಕಲ್ಲಿನ ಪದವು, ಪದವಿನ ಬುಡದಲ್ಲಿ ಅದೇ ಬೈಲು, ಬೈಲಿನ ನಡುವೆ ಅದೇ ತೋಡು. 1956ರ ನವೆಂಬರ್ 1ರಂದು ಗೆರೆ ಎಳೆದವರು ಗುಡ್ಡೆಯನ್ನು ಕೇಳಿ ಎಳೆದದ್ದಲ್ಲ. ಆದರೆ ಆ ಗುಡ್ಡೆಯನ್ನು ಕಡಿಯಲು ಹೊರಟವನು ಗೆರೆಯ ಯಾವ ಬದಿಯಲ್ಲಿದ್ದಾನೆ ಎಂಬುದರ ಮೇಲೆ ಅವನಿಗೆ ತಗಲುವ ಕಾಯಿದೆ ಬೇರೆಯಾಗುತ್ತದೆ.

2024 ಮತ್ತು 2025ರ ಎರಡು ಮಳೆಗಾಲಗಳನ್ನು ವಾಚಕರು ನೆನಪಿಸಿಕೊಳ್ಳಬೇಕು. 2024ರ ಜೂನ್ 26ರಂದು ಉಳ್ಳಾಲದ ಕುತ್ತಾರು ಮದನಿನಗರದಲ್ಲಿ ಪಕ್ಕದ ಮನೆಯ ಆವರಣ ಗೋಡೆ ಕುಸಿದು ಒಂದೇ ಕುಟುಂಬದ ನಾಲ್ವರು ಮಡಿದರು. ವಾರ ಕಳೆಯುವುದರೊಳಗೆ, ಜುಲೈ 3ರಂದು, ಮಂಗಳೂರಿನ ಬಲ್ಮಠದಲ್ಲಿ ಬಹುಮಹಡಿ ಕಟ್ಟಡಕ್ಕಾಗಿ ಅಗೆದಲ್ಲಿ ಮಣ್ಣು ಜರಿದು ಇಬ್ಬರು ಕಾರ್ಮಿಕರು ಸಿಲುಕಿದರು. ಒಬ್ಬನನ್ನು ಎಳೆದು ತೆಗೆಯಲಾಯಿತು, ಇನ್ನೊಬ್ಬ ಉಳಿಯಲಿಲ್ಲ. ಜುಲೈ 16ರಂದು ಅಂಕೋಲ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡೆ ಜರಿದುಬಿತ್ತು. ಕೋಝಿಕ್ಕೋಡಿನ ಲಾರಿ ಚಾಲಕನನ್ನು ಗಂಗಾವಳಿ ಹೊಳೆಯ ತಳದಿಂದ ಲಾರಿಯೊಂದಿಗೆ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಅಷ್ಟೂ ದಿನ ನಮ್ಮ ಜಿಲ್ಲೆಯ ಚಾದಂಗಡಿಗಳಲ್ಲಿ ಎರಡು ಭಾಷೆಗಳಲ್ಲಿ ಅದೊಂದೇ ಮಾತು. ಮರು ವರ್ಷ ಮೇ ತಿಂಗಳಲ್ಲಿ ಸರದಿ ನಮ್ಮದಾಯಿತು. ಚೆರುವತ್ತೂರಿನ ಮಟ್ಟಲಾಯಿಯಲ್ಲಿ ಹೆದ್ದಾರಿ ಕೆಲಸದ ನಡುವೆ ಬರೆ ಜರಿದು ದೂರದೂರಿನಿಂದ ಬಂದ ಕೂಲಿಯೊಬ್ಬ ಸತ್ತ. ಅದೇ ತಿಂಗಳ 30ರಂದು ಗಡಿಯಾಚೆ ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡೆ ಮನೆಯ ಮೇಲೆ ಬಿದ್ದು ಅಜ್ಜಿಯೂ ಎರಡು ಎಳೆಯ ಮಕ್ಕಳೂ ಮಣ್ಣಿನಡಿಯಾದರು. ಜುಲೈ 23ರಂದು ವೀರಮಲ ಕುನ್ನು ಜರಿದು ಹೆದ್ದಾರಿಯನ್ನೇ ಮುಚ್ಚಿತು.

ಪತ್ರಿಕೆಗಳಲ್ಲಿ ಇವೆಲ್ಲ 'ಪ್ರಕೃತಿ ವಿಕೋಪ' ಎಂಬ ತಲೆಬರಹದಡಿ ಬಂದವು. ಮಳೆ ಪ್ರಕೃತಿಯದ್ದು ನಿಜ. ಆದರೆ ಗುಡ್ಡೆಯ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದು ಪ್ರಕೃತಿಯಲ್ಲ. ಕಡಿಯುವ ಕೈಗೆ ಕಾಯಿದೆ ಏನು ಹೇಳುತ್ತದೆ, ಕಾಸರಗೋಡಿನಲ್ಲಿ ಏನು, ಮಂಗಳೂರಿನಲ್ಲಿ ಏನು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ನಾವು ಈ ಲೇಖನಕ್ಕೆ ಹಚ್ಚಿಕೊಂಡಿದ್ದೇವೆ.

ಇದಕ್ಕೆ ನಮ್ಮನ್ನು ಎಬ್ಬಿಸಿದ್ದು ಒಂದು ಕಾಗದ. ನಮ್ಮೊಡನೆ ಟಿ.ಸಿ.ಎಚ್. ಓದಿದ ಬೀದರ ಕಡೆಯ ಗೆಳೆಯರೊಬ್ಬರು ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಕಂಗ್ಟಿಯಲ್ಲಿ ನೆಲೆಸಿದ್ದಾರೆ. ನಾರಾಯಣಖೇಡದ ಆಚೆ, ಬೀದರ ಜಿಲ್ಲೆಗೆ ಅಂಟಿಕೊಂಡಿರುವ ಊರು ಅದು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು. ನಮ್ಮ ಪಾಡೇ, ಲಿಪಿ ಮಾತ್ರ ಬೇರೆ. ಅವರು ಬರೆದದ್ದು ಹೀಗೆ: "ಬಾಜೂಕ ಪಾಯದ ಗುಂಡಿ ತೋಡ್ಯಾರ, ಮಳಿ ಬಂದು ನಮ್ಮ ಗೋಡಿ ಬಿರುಕ ಬಿಟ್ಟದ. ಕೇಳಾಕ ಹೋದ್ರ ಕಾಗದ ತೆಲುಗಿನಾಗ ಕೊಟ್ಟಾರ. ನಿಮ್ಮ ಕಡಿ ಇದಕ್ಕ ಕಾಯ್ದೆ ಹ್ಯಾಂಗ ಅದರೀ?" ಉತ್ತರ ಬರೆಯಲು ಕುಳಿತಾಗ ನಮಗೆ ನಮ್ಮ ಕಡೆಯ ಕಾಯಿದೆಯೇ ಸರಿಯಾಗಿ ತಿಳಿದಿಲ್ಲ ಎಂಬುದು ಗೊತ್ತಾಯಿತು.

ಮೊದಲು ಮಣ್ಣಿನ ಮಾತು. ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್; ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಅದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು 1807ರ ಪುಸ್ತಕದಲ್ಲಿ ಬರೆದ. ಈ ಕಲ್ಲಿನ ಗುಣ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ನೆಲದೊಳಗೆ ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. ಆದುದರಿಂದಲೇ ಬಾವಿಯ ಗೋಡೆ ಕಟ್ಟದೆ ನಿಲ್ಲುತ್ತದೆ, ಬಾಯಾರು ಕಡೆಯ ಗುಡ್ಡೆಗಳಲ್ಲಿ ಕೊರೆದ ಸುರಂಗಗಳು ತಲೆಮಾರುಗಳಿಂದ ನೀರು ಕೊಡುತ್ತಿವೆ. ಕಂಗ್ಟಿಯ ನೆರೆಯ ಬೀದರದಲ್ಲೂ ಇದೇ ಕಲ್ಲು. ಅಲ್ಲಿಯ ಕೋಟೆಯ ಕಂದಕ ಈ ಕಲ್ಲನ್ನೇ ಕಡಿದು ಮಾಡಿದ್ದು, ನೌಬಾದಿನ ಕರೇಜು ನಮ್ಮ ಸುರಂಗದ ದೊಡ್ಡಣ್ಣ. ಈ ನಂಟನ್ನು ನಾವು ಗೆಳೆಯರಿಗೆ ಬರೆದಾಗ ಅವರಿಗೆ ಬಹಳ ಹಿಗ್ಗಾಯಿತು.

ಕೇಡು ಇರುವುದು ಮುರಕಲ್ಲಿನಲ್ಲಲ್ಲ, ಅದರ ಅಡಿಯಲ್ಲಿ. ಗಟ್ಟಿ ಹೊದಿಕೆಯ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪು ಮಣ್ಣು ಇರುತ್ತದೆ. ತುಳುನಾಡಿನಲ್ಲಿ ಅದಕ್ಕೆ ಶೇಡಿಮಣ್ಣು ಎನ್ನುತ್ತಾರೆ. ಬೇಸಿಗೆಯಲ್ಲಿ ಗುದ್ದಲಿಗೂ ಜಗ್ಗದಷ್ಟು ಗಟ್ಟಿ, ನೀರು ಕುಡಿದರೆ ಕಲಸಿದ ಹಿಟ್ಟು. ಹಿಂದೆ ಗುದ್ದಲಿ, ಪಿಕ್ಕಾಸಿನಲ್ಲಿ ಕಡಿಯುವಾಗ ಯಾರೂ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಜೆಸಿಬಿ ಬಂದ ಮೇಲೆ ಒಂದೇ ದಿನದಲ್ಲಿ ಮುರಕಲ್ಲಿನ ಪದರ ದಾಟಿ ಶೇಡಿಗೆ ಇಳಿಯುವುದು ಸುಲಭವಾಯಿತು. ಏಪ್ರಿಲಿನಲ್ಲಿ ಕಡಿದ ಬರೆ ಮೇ ತಿಂಗಳಿಡೀ ಗೋಡೆಯಂತೆ ನಿಂತಿರುತ್ತದೆ. ಮನೆಯಾತನಿಗೆ ಧೈರ್ಯ ಬರುತ್ತದೆ. ಮೇಲಿನ ಬಿರುಕುಗಳಲ್ಲಿ ನೀರು ಇಳಿದು ಶೇಡಿಯನ್ನು ತಲಪುವುದು ಆಟಿಯ ಮಳೆಗೆ. ಆಗ ಮೇಲಿನ ಕಲ್ಲು ಗಟ್ಟಿಯಿದ್ದರೂ ಅದಕ್ಕೆ ಕಾಲಿಲ್ಲ.

ಇನ್ನು ಕಾಯಿದೆ. ಕಾಸರಗೋಡಿನಲ್ಲಿ ಮನೆ ಕಟ್ಟುವವನು ನಗರಸಭೆಯೊಳಗಿದ್ದರೆ ಕೇರಳ ಮುನಿಸಿಪಾಲಿಟಿ ಕಟ್ಟಡ ನಿಯಮಗಳಿಗೆ, ಪಂಚಾಯತಿನಲ್ಲಿದ್ದರೆ ಕೇರಳ ಪಂಚಾಯತ್ ಕಟ್ಟಡ ನಿಯಮಗಳಿಗೆ ಒಳಪಡುತ್ತಾನೆ. ಎರಡೂ 2019ರವು, ಈ ವಿಷಯದಲ್ಲಿ ಎರಡರ ಮಾತೂ ಒಂದೇ. ಅದರಲ್ಲಿ ಒಂದು ಒಳ್ಳೆಯ ವಿಧಿಯಿದೆ. ಕಟ್ಟಡಕ್ಕಾಗಿ ಒಂದೂವರೆ ಮೀಟರಿಗಿಂತ ಆಳ ಅಗೆಯುವುದಾದರೆ, ಮತ್ತು ಆ ಆಳವು ಗುಂಡಿಯಿಂದ ನಿವೇಶನದ ಗಡಿಗೆ ಇರುವ ಅಂತರಕ್ಕಿಂತ ಹೆಚ್ಚಾಗುವುದಾದರೆ, ಅರ್ಜಿಯೊಂದಿಗೆ ರಕ್ಷಣಾ ಕ್ರಮಗಳ ನಕ್ಷೆಯನ್ನೂ ಕೊಡಬೇಕು. ಪರವಾನಿಗೆ ಎರಡು ಹಂತಗಳಲ್ಲಿ ಬರುತ್ತದೆ. ಮೊದಲು ಅಗೆತ ಮತ್ತು ರಕ್ಷಣೆ, ಅದು ಮುಗಿದ ಮೇಲೆ ಕಟ್ಟಡ. ಅಂದರೆ ಮೊದಲು ತಡೆಗೋಡೆ, ಆಮೇಲೆ ಮನೆ. ಈ ಕ್ರಮ ಕಾಗದದ ಮೇಲೆ ಇದ್ದುದಕ್ಕೆ ಕೇರಳವನ್ನು ಮೆಚ್ಚಲೇಬೇಕು.

ಆದರೆ ಮೇಷ್ಟರ ಬುದ್ಧಿ ಲೆಕ್ಕ ಮಾಡದೆ ಬಿಡದು. ಎರಡು ಮೀಟರ್ ಆಳ ಅಗೆದು ಗಡಿ ಒಂದೂವರೆ ಮೀಟರ್ ದೂರವಿದ್ದರೆ ಈ ವಿಧಿ ತಗಲುತ್ತದೆ. ಆರು ಮೀಟರ್ ಆಳ ಅಗೆದು ಗಡಿ ಏಳು ಮೀಟರ್ ದೂರವಿದ್ದರೆ ತಗಲುವುದಿಲ್ಲ! ವಿಧಿಯ ಕಣ್ಣು ನೆರೆಯವನ ಬೇಲಿಯ ಮೇಲೆ. ಬೇಲಿ ಜರಿಯದಂತೆ ಅದು ಕಾಯುತ್ತದೆ. ಅಗೆದವನ ಸ್ವಂತ ಮನೆಯ ಹಿಂದೆ ನಿಂತ ಆರು ಮೀಟರ್ ಬರೆಯನ್ನು, ಅದರಡಿ ಪಾಯದ ಕಬ್ಬಿಣ ಕಟ್ಟುವ ಕೂಲಿಯಾಳನ್ನು ಅದು ಹಾಗೆ ಕಾಯುವುದಿಲ್ಲ.

ಎರಡನೆಯ ಕಟ್ಟು ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ಅಗೆದ ಮಣ್ಣು ನಿವೇಶನದಿಂದ ಹೊರಗೆ ಹೋಗಬೇಕಾದರೆ 2015ರ ಕೇರಳ ಉಪಖನಿಜ ನಿಯಮಗಳಂತೆ ರಾಜಧನ ಕಟ್ಟಿ ಪಾಸು ಪಡೆಯಬೇಕು. ಮೂರನೆಯದು, ಆ ಮಣ್ಣನ್ನು ತಂದು ಗದ್ದೆಗೆ ತುಂಬುವಂತಿಲ್ಲ. 2008ರ ಭತ್ತದ ಗದ್ದೆ ಮತ್ತು ಜೌಗು ನೆಲ ಸಂರಕ್ಷಣಾ ಕಾಯಿದೆ ಅಡ್ಡ ನಿಂತಿದೆ. ಗುಡ್ಡೆಯನ್ನು ತೆಗೆದು ಬೈಲಿಗೆ ತುಂಬುವ ವ್ಯಾಪಾರಕ್ಕೆ ಇದು ಕೇರಳದ ದೊಡ್ಡ ಬೀಗ. ಬೀಗದ ಕೈ ರಾತ್ರಿ ಹೊತ್ತು ಯಾರ ಜೇಬಿನಲ್ಲಿರುತ್ತದೆ ಎಂಬುದು ಬೇರೆ ಮಾತು.

ಮಂಗಳೂರಿಗೆ ಬನ್ನಿ. ಅಲ್ಲಿ ಕಾಯಿದೆಯ ಭಾರ ಬೀಳುವುದು ಬೇರೆ ಕಡೆ. ಕರ್ನಾಟಕದಲ್ಲಿ ಕೃಷಿ ಜಮೀನಿನಲ್ಲಿ ಮನೆ ಕಟ್ಟುವವನಿಗೆ ಮೊದಲ ಬಾಗಿಲು 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನ ಭೂಪರಿವರ್ತನೆ. ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರದ ನಕ್ಷೆ, ಅದಾದ ಮೇಲೆ ಮಹಾನಗರ ಪಾಲಿಕೆಯ ಪರವಾನಿಗೆ. ಎಷ್ಟು ಜಾಗ ಬಿಡಬೇಕು, ಎಷ್ಟು ಮಹಡಿ ಏರಬಹುದು, ವಾಹನಕ್ಕೆ ಎಷ್ಟು ಸ್ಥಳ, ಮಳೆಕೊಯ್ಲಿನ ಗುಂಡಿ ಎಲ್ಲಿ ಎಂಬುದೆಲ್ಲ ಕಟ್ಟಳೆಯಲ್ಲಿದೆ. ಅಗೆತಕ್ಕೆಂದೇ ಎರಡು ಹಂತದ ಪರವಾನಿಗೆ ಕೊಡುವ ಕೇರಳದ ಕ್ರಮ ಅಲ್ಲಿಲ್ಲ. ಅಗೆತದ ಸುರಕ್ಷೆಗೆ ಎಂಜಿನಿಯರು ನೋಡಬೇಕಾದ ಪುಸ್ತಕ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಅದೊಂದು ಉತ್ತಮ ಗ್ರಂಥವೇ. ಆದರೆ ಸ್ಥಳೀಯ ಕಟ್ಟಳೆ ಅದನ್ನು ಒಳಗೆ ಸೇರಿಸಿಕೊಂಡಷ್ಟೇ ಅದಕ್ಕೆ ಕಾಯಿದೆಯ ಬಲ.

ಇದರ ಬೆಲೆಯನ್ನು ಮಂಗಳೂರು ತೆತ್ತಿದೆ. ಬಲ್ಮಠಕ್ಕೆ ನಾಲ್ಕು ವರ್ಷ ಮೊದಲು, 2020ರ ಫೆಬ್ರವರಿಯಲ್ಲಿ, ಬಂಟ್ಸ್ ಹಾಸ್ಟೆಲ್ ಬಳಿಯ ನಿವೇಶನದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸತ್ತಿದ್ದರು. ಅದು ಮಳೆಗಾಲವೂ ಆಗಿರಲಿಲ್ಲ. ನೆಲದಡಿಯಲ್ಲಿ ಎರಡು ಅಂತಸ್ತು ವಾಹನ ನಿಲ್ಲಿಸಲು ಅಗೆದರೆ ಗುಂಡಿ ಆರೇಳು ಮೀಟರ್ ಇಳಿಯುತ್ತದೆ. ನಗರದ ನಡುವೆ ಗಡಿಯವರೆಗೂ ಅಗೆಯದೆ ಬಿಡುವವರು ಯಾರು? ಹೀಗೆ ನೋಡಿದರೆ ಕೇರಳದ ಎರಡು ಹಂತದ ವಿಧಿ ಹೆಚ್ಚು ಬೇಕಾದದ್ದು ಕಾಸರಗೋಡಿಗಿಂತ ಮಂಗಳೂರಿಗೆ.

ಈ ಮಟ್ಟಿಗೆ ಕೇರಳ ಒಂದು ಹೆಜ್ಜೆ ಮುಂದೆ ಎಂದು ನಾವು ಒಪ್ಪುತ್ತೇವೆ. ಆದರೆ ನಿಜವಾದ ಕೊರತೆ ಎರಡೂ ಕಡೆ ಒಂದೇ, ಅದನ್ನು ಹೇಳದಿದ್ದರೆ ಹೋಲಿಕೆ ಅರ್ಧವಾದೀತು. ಎರಡೂ ಸರಕಾರಗಳು ಗಡಿಯ ಗೋಡೆಯನ್ನು ನೋಡುತ್ತವೆ, ಟಿಪ್ಪರಿನಲ್ಲಿ ಹೋಗುವ ಮಣ್ಣಿಗೆ ರಾಜಧನ ಕೇಳುತ್ತವೆ. ಮಳೆನೀರಿನಲ್ಲಿ ಕರಗಿ ಹೋಗುವ ಮಣ್ಣಿಗೆ ಪಾಸೂ ಇಲ್ಲ, ರಾಜಧನವೂ ಇಲ್ಲ, ಕೇಳುವವರೂ ಇಲ್ಲ.

ಹತ್ತನೆಯ ತರಗತಿಯ ಮಕ್ಕಳಿಗೆ ನಾವು ಕಪ್ಪುಹಲಗೆಯ ಮೇಲೆ ಬರೆದುಕೊಟ್ಟ ಲೆಕ್ಕವನ್ನು ಇಲ್ಲಿ ಕೊಡುತ್ತೇವೆ. ಗುಡ್ಡೆಯ ಓರೆಯಲ್ಲಿ ಹತ್ತು ಸೆಂಟ್ಸ್ ಜಾಗ. ಅಂದರೆ ಸುಮಾರು 405 ಚದರ ಮೀಟರ್. ಸಮತಟ್ಟು ಮಾಡಲು ಸರಾಸರಿ ಒಂದೂವರೆ ಮೀಟರ್ ಕಡಿದರೆ ಹೊರಬರುವ ಮಣ್ಣು 600 ಘನ ಮೀಟರಿಗೂ ಹೆಚ್ಚು. ಟಿಪ್ಪರಿಗೆ ಐದು ಘನ ಮೀಟರಿನಂತೆ ಹಿಡಿದರೆ 120 ಲೋಡು. ಇನ್ನು ಮಳೆ. ನಮ್ಮ ಕಡೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್. ಜಹೀರಾಬಾದ್, ನಾರಾಯಣಖೇಡದ ಕಡೆ ಇದರ ಕಾಲು ಭಾಗದಷ್ಟು. ಜೂನ್, ಜುಲೈಯಲ್ಲಿ ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ಇಲ್ಲಿ ಹೊಸತಲ್ಲ. ಅಷ್ಟು ಮಳೆ ಆ ಹತ್ತು ಸೆಂಟ್ಸಿನ ಮೇಲೆ ಬಿದ್ದರೆ ಒಂದೇ ದಿನದಲ್ಲಿ 40 ಸಾವಿರ ಲೀಟರ್ ನೀರು. ಹುಲ್ಲು, ಪೊದರು ಇದ್ದಾಗ ಅದರಲ್ಲಿ ಬಹುಪಾಲು ಇಂಗುತ್ತಿತ್ತು. ಬೋಳು ಮಣ್ಣಿನ ಮೇಲೆ ಬಿದ್ದರೆ ಮಣ್ಣನ್ನೇ ಹೊತ್ತುಕೊಂಡು ಇಳಿಯುತ್ತದೆ. ಕೆಳಗೆ ಯಾರಿದ್ದಾರೆ?

ಈ ಪ್ರಶ್ನೆ ಕೇಳಿದಾಗ ತರಗತಿಯ ಒಬ್ಬಳು ಹುಡುಗಿ, "ನಾವಿದ್ದೇವೆ ಸರ್" ಎಂದಳು. ಆಕೆಯ ಮನೆ ಬೈಲಿನಲ್ಲಿ. ಮೇಲಿನ ಗುಡ್ಡೆಯನ್ನು ಯಾರೋ ನಿವೇಶನಗಳಿಗಾಗಿ ಕಡಿದು ಬಿಟ್ಟಿದ್ದರು. ಆ ಜೂನಿನ ಎರಡನೆಯ ವಾರದಲ್ಲಿ ಕೆಸರು ನೀರು ಕಣಿ ದಾಟಿ ಅಡಿಕೆ ತೋಟಕ್ಕೂ ಬಾವಿಗೂ ನುಗ್ಗಿತು. ಬಾವಿಯ ನೀರು ಚಾದ ಬಣ್ಣಕ್ಕೆ ತಿರುಗಿತು. ಅವಳು ಎರಡು ವಾರ ಶಾಲೆಗೆ ಬರದಿದ್ದುದು ಜ್ವರದಿಂದಲ್ಲ, ನೀರು ಹೊರುವುದಕ್ಕಾಗಿ ಎಂಬುದು ನಮಗೆ ತಿಳಿದದ್ದೇ ಆಗ. ಮಣ್ಣಿನಡಿ ಯಾರೂ ಸಿಲುಕಲಿಲ್ಲ, ಮನೆ ಬೀಳಲಿಲ್ಲ. ಆದುದರಿಂದ ಯಾವ ಪತ್ರಿಕೆಯಲ್ಲೂ ಬರಲಿಲ್ಲ, ನಮ್ಮದರಲ್ಲೂ ಸಹ.

ಗಡಿಯ ಬಗ್ಗೆಯೂ ಈ ಕೆಸರಿಗೆ ಗೌರವವಿಲ್ಲ. ಕೇರಳದ ಅತಿ ಚಿಕ್ಕ ಹೊಳೆ ಎಂದು ನಾವು ಪಾಠ ಹೇಳುವ ಮಂಜೇಶ್ವರ ಹೊಳೆಯ ಉದ್ದ 16 ಕಿಲೋಮೀಟರ್; ಅದು ಹುಟ್ಟುವುದು ಕರ್ನಾಟಕದ ಬಾಳೆಪುಣಿಯ ಗುಡ್ಡೆಗಳಲ್ಲಿ. ಉಪ್ಪಳ ಹೊಳೆಯ ಮೂಲ ವೀರಕಂಬದ ಕಡೆ, ಶಿರಿಯಾ ಹೊಳೆಯ ಮೂಲವೂ ಆಚೆಯೇ. ಮೇಲೆ ಕಡಿದ ಮಣ್ಣಿಗೆ ಪರವಾನಿಗೆ ಕೊಡುವವರು ಕರ್ನಾಟಕದವರು, ಕೆಳಗೆ ಹೂಳು ತುಂಬಿದ ಹೊಳೆಯನ್ನು ಎತ್ತಬೇಕಾದವರು ಕೇರಳದವರು. ನಮ್ಮ ಕಂಗ್ಟಿಯ ಗೆಳೆಯರ ಕಡೆಯೂ ಕತೆ ಇದೇ. ಅಲ್ಲಿಯ ಹಳ್ಳಗಳೆಲ್ಲ ಸೇರುವ ಮಾಂಜ್ರಾ ನದಿ ಮಹಾರಾಷ್ಟ್ರದಲ್ಲಿ ಹುಟ್ಟಿ ಬೀದರ ಜಿಲ್ಲೆಯನ್ನು ದಾಟಿ ತೆಲಂಗಾಣಕ್ಕೆ ಬರುತ್ತದೆ. ಆ ನದಿಗೆ 1931ರಲ್ಲಿ ಮುಗಿದ ನಿಜಾಂಸಾಗರ ಅಣೆಕಟ್ಟೆಯಲ್ಲಿ ಹೂಳು ಎಷ್ಟು ತುಂಬಿತೆಂದರೆ 1970ರ ದಶಕದಲ್ಲಿ ಕಟ್ಟೆಯ ಮಟ್ಟವನ್ನೇ ಏರಿಸಬೇಕಾಯಿತು. ಆ ಹೂಳು ಹೆಚ್ಚಾಗಿ ಹೊಲಗಳದ್ದು, ಕಟ್ಟಡಗಳದ್ದಲ್ಲ ಎಂಬುದನ್ನು ಇಲ್ಲಿ ಸೇರಿಸಲೇಬೇಕು. ಆದರೂ ಮೇಲಿನವನ ಮಣ್ಣು ಕೆಳಗಿನವನ ಖರ್ಚು ಎಂಬ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ಕೆಸರು ನೀರನ್ನು ತಡೆಯುವ ಮಾತು ನಮ್ಮ ದೇಶದ ಕಾಯಿದೆಯಲ್ಲಿ ಎಲ್ಲೂ ಇಲ್ಲವೇ? ಇದೆ, ಆದರೆ ಬಹಳ ಎತ್ತರದ ಅಟ್ಟದಲ್ಲಿಟ್ಟಿದ್ದಾರೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರಿಗಿಂತ ಹೆಚ್ಚಿನ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಮೇಲ್ಮಣ್ಣನ್ನು ತೆಗೆದು ಕಾದಿಟ್ಟು ಮತ್ತೆ ಹಾಸಬೇಕೆಂಬಂಥ ಷರತ್ತುಗಳು ಆ ಅನುಮತಿ ಪತ್ರಗಳಲ್ಲಿ ಬರುತ್ತವೆ. 20,000 ಚದರ ಮೀಟರ್ ಎಂದರೆ ಎರಡು ಲಕ್ಷ ಹದಿನೈದು ಸಾವಿರ ಚದರ ಅಡಿ. ಎರಡು ಸಾವಿರ ಚದರ ಅಡಿಯ ನೂರಕ್ಕೂ ಹೆಚ್ಚು ಮನೆಗಳು. ನಮ್ಮ ಪಂಚಾಯತುಗಳಲ್ಲಿ ಗುಡ್ಡೆ ಕಡಿಯುವವರಲ್ಲಿ ಈ ಅಟ್ಟದ ತನಕ ಏರುವವರು ಎಷ್ಟು ಮಂದಿ?

ಅಮೆರಿಕದಲ್ಲಿ ಮಿತಿಯನ್ನು ಕಟ್ಟಡದ ಅಳತೆಗೆ ಇಟ್ಟಿಲ್ಲ, ಕೆದಕಿದ ನೆಲದ ಅಳತೆಗೆ ಇಟ್ಟಿದ್ದಾರೆ. 1990ರಲ್ಲಿ ಐದು ಎಕರೆಯಿಂದ ಆರಂಭಿಸಿ 2003ರಿಂದ ಒಂದು ಎಕರೆಗೆ ಇಳಿಸಿದರು. ಅಷ್ಟು ನೆಲ ಕೆದಕುವವನು ಮಳೆನೀರು ಎಲ್ಲಿಂದ ಹೊರಹೋಗುತ್ತದೆ, ಅದರೊಂದಿಗೆ ಮಣ್ಣು ಹೋಗದಂತೆ ಏನು ಮಾಡಿದ್ದೇನೆ ಎಂದು ಮೊದಲೇ ಬರೆದುಕೊಡಬೇಕು. ನಿವೇಶನದ ಕೆಳಬದಿಗೆ ಬಟ್ಟೆಯ ಬೇಲಿ ಕಟ್ಟಬೇಕು. ಕೆಲಸ ನಿಂತ ಕಡೆ ಬೋಳು ಮಣ್ಣನ್ನು ಹುಲ್ಲಿನಿಂದಲೋ ಹೊದಿಕೆಯಿಂದಲೋ ಬೇಗ ಮುಚ್ಚಬೇಕು. ಮಳೆ ಬಿದ್ದ ಮೇಲೆ ಹೋಗಿ ನೋಡಿ ದಾಖಲೆ ಮಾಡಬೇಕು. ಇದನ್ನು ಓದುವಾಗ ನಮಗೆ ನಗು ಬಂತು. ಮಣ್ಣಿನ ಗೋಡೆಗೆ ಮಳೆಗಾಲದ ಮುಂಚೆ ಮಡಲಿನ ತಟ್ಟಿ ಕಟ್ಟುವುದು, ಮುಳಿಹುಲ್ಲು ಹೊದಿಸುವುದು, ಗುಡ್ಡೆಯ ಮೇಲೆ ಅಡ್ಡ ಕಣಿ ತೆಗೆದು ನೀರನ್ನು ಬೇರೆ ಕಡೆಗೆ ತಿರುಗಿಸುವುದು, ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಇವೆಲ್ಲ ನಮ್ಮ ಅಜ್ಜಂದಿರು ಯಾರ ಪರವಾನಿಗೆಯೂ ಇಲ್ಲದೆ ಮಾಡುತ್ತಿದ್ದ ಕೆಲಸಗಳು. ಅಮೆರಿಕದವರು ಅದನ್ನು ಕಾಯಿದೆ ಮಾಡಿದರು, ನಾವು ಮರೆತೆವು.

ತೆಲಂಗಾಣದ ಮಾತನ್ನೂ ಹೇಳಿಬಿಡೋಣ. ನಾರಾಯಣಖೇಡ, ಜಹೀರಾಬಾದಿನಂಥ ಪುರಸಭೆಗಳಿಗಾಗಿ 2020ರಲ್ಲಿ ಅಲ್ಲಿ ಮಾಡಿದ ಕಾಯಿದೆಯಂತೆ 75 ಚದರ ಗಜದೊಳಗಿನ ನಿವೇಶನದಲ್ಲಿ 7 ಮೀಟರ್ ಎತ್ತರದ ತನಕ ಕಟ್ಟಲು ಪರವಾನಿಗೆಯೇ ಬೇಡ, ನೋಂದಣಿ ಸಾಕು. 500 ಚದರ ಮೀಟರ್ ತನಕ ಮಾಲಿಕನ ಸ್ವಂತ ದೃಢೀಕರಣದ ಮೇಲೆಯೇ ಅನುಮತಿ. ಬಡವನು ಕಚೇರಿ ಅಲೆಯುವುದು ತಪ್ಪಿತು, ಅದು ದೊಡ್ಡ ಉಪಕಾರ. ಆದರೆ ಮಾಲಿಕ ದೃಢೀಕರಿಸುವುದು ತನ್ನ ನಿವೇಶನದ ಬಗ್ಗೆ. ಪಕ್ಕದ ಗೋಡೆಯ ಪರವಾಗಿ ಯಾರು ದೃಢೀಕರಿಸುತ್ತಾರೆ? ಅತ್ತ ಎರೆಮಣ್ಣು ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಅತಿ ದೊಡ್ಡ ಅಗೆತಗಾರನ ಸುದ್ದಿ ಬಿಟ್ಟರೆ ಅನ್ಯಾಯವಾದೀತು. ಹತ್ತು ಸೆಂಟ್ಸಿನವನು ಪಂಚಾಯತಿಗೆ ಅರ್ಜಿ ಕೊಡಬೇಕು. ರಾಷ್ಟ್ರೀಯ ಹೆದ್ದಾರಿಗೆ ಪಂಚಾಯತಿನ ಕಟ್ಟಡ ನಿಯಮ ತಗಲುವುದಿಲ್ಲ. ತಲಪಾಡಿಯಿಂದ ಚೆಂಗಳದ ತನಕದ 39 ಕಿಲೋಮೀಟರಿನಲ್ಲೂ ಅದರ ದಕ್ಷಿಣಕ್ಕೂ ಎಷ್ಟು ಗುಡ್ಡೆಗಳು ಎಷ್ಟು ನೆಟ್ಟಗೆ ಕಡಿಯಲ್ಪಟ್ಟಿವೆ ಎಂಬುದನ್ನು ಬಸ್ಸಿನಲ್ಲಿ ಹೋಗುವ ಯಾರೂ ನೋಡಬಹುದು. 2020ರ ಮಾರ್ಚ್ 28ರಂದು, ದೇಶ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ರಸ್ತೆ ಮುಂತಾದ ಕಾಮಗಾರಿಗಳಿಗೆ ಬೇಕಾದ ಸಾಮಾನ್ಯ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡವೆಂದು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತ್ತು. ಕೇರಳದವರೇ ಆದ ನೋಬಲ್ ಪೈಕಡ ಅವರು ಅದನ್ನು ಪ್ರಶ್ನಿಸಿದರು. 2024ರ ಮಾರ್ಚ್ 21ರಂದು ಸರ್ವೋಚ್ಚ ನ್ಯಾಯಾಲಯ ಆ ವಿನಾಯಿತಿಯನ್ನು ರದ್ದುಮಾಡಿತು. ಎಷ್ಟು ಮಣ್ಣು, ಎಷ್ಟು ಜಾಗ ಎಂಬ ಮಿತಿಯೇ ಇಲ್ಲದ ವಿನಾಯಿತಿ ಸಲ್ಲದು, ಜನರ ಆಕ್ಷೇಪ ಕೇಳದೆ ಮಾಡಿದ್ದೂ ಸರಿಯಲ್ಲ ಎಂಬುದು ತೀರ್ಪಿನ ಸಾರ. ಅಷ್ಟರಲ್ಲಿ ನಾಲ್ಕು ಮಳೆಗಾಲ ಕಳೆದಿತ್ತು.

ಚೆರುವತ್ತೂರಿನ ಕುಸಿತದ ಮೇಲೆ 2025ರ ಜೂನಿನಲ್ಲಿ ಹೆದ್ದಾರಿ ಪ್ರಾಧಿಕಾರ ಗುತ್ತಿಗೆದಾರರನ್ನು ಮುಂದಿನ ಟೆಂಡರುಗಳಿಂದ ದೂರವಿಟ್ಟು ನೋಟೀಸು ಕೊಟ್ಟಿತು. ಅದು ಹೇಳಿದ ಕಾರಣಗಳು ಮೂರು: ವಿನ್ಯಾಸ ಸರಿಯಿಲ್ಲ, ಇಳಿಜಾರಿನ ರಕ್ಷಣೆ ಸಾಲದು, ನೀರು ಹೊರಹೋಗುವ ವ್ಯವಸ್ಥೆ ಕಳಪೆ. ಬರೆಗೆ ಕಬ್ಬಿಣದ ಮೊಳೆ ಹೊಡೆದು ಮೇಲೆ ಸಿಮೆಂಟು ಸಿಂಪಡಿಸಿದರೆ ನೋಡಲು ಚೆಂದ. ಹಿಂದಿನ ನೀರಿಗೆ ದಾರಿ ಬಿಡದಿದ್ದರೆ ಆ ಸಿಮೆಂಟನ್ನೇ ಹೊತ್ತುಕೊಂಡು ಗುಡ್ಡೆ ಇಳಿಯುತ್ತದೆ. ಸುರಂಗ ಕೊರೆಯುವ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೊನೆಗೆ ಭಾಷೆಯ ಮಾತು, ಏಕೆಂದರೆ ಅದಿಲ್ಲದೆ ನಮ್ಮ ವಾಚಕರಿಗೆ ಈ ವಿಷಯ ಪೂರ್ತಿಯಾಗದು. ಆ ಹುಡುಗಿಯ ಅಜ್ಜಿ ಬಾವಿಯ ಬಗ್ಗೆ ಕಚೇರಿಗೆ ದೂರು ಬರೆಸಿ ಕೊಟ್ಟಿದ್ದರು, ಕನ್ನಡದಲ್ಲಿ. ಉತ್ತರ ಬಂತು, ಮಲಯಾಳದಲ್ಲಿ. ಓದಿಸಲು ಅಂಗಡಿಯವರ ಬಳಿಗೆ ಹೋಗುವಾಗ ನಾಲ್ಕು ದಿನ ತಡವಾಯಿತು. ಇಂಥ ದಿನ ಸ್ಥಳ ತನಿಖೆಗೆ ಬರುತ್ತೇವೆ, ಹಾಜರಿರಬೇಕು ಎಂದು ಅದರಲ್ಲಿತ್ತು. ಆ ದಿನ ಆಗಲೇ ಕಳೆದಿತ್ತು. ಆಮೇಲೆ ಬಂದ ಎರಡನೆಯ ಕಾಗದದಲ್ಲಿ ದೂರುದಾರರು ಸ್ಥಳದಲ್ಲಿ ಇರಲಿಲ್ಲ, ಕಡತ ಮುಕ್ತಾಯಗೊಳಿಸಲಾಗಿದೆ ಎಂದಿತ್ತು. ಯಾವ ಕಚೇರಿ ಎಂದು ನಾವು ಬರೆಯುವುದಿಲ್ಲ. ಬರೆದರೆ ಆ ಒಂದು ಕಚೇರಿಯ ತಪ್ಪು ಮಾತ್ರ ಎಂದು ಉಳಿದವರು ಸಮಾಧಾನಪಟ್ಟುಕೊಂಡಾರು.

1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಗೆ 1973ರಲ್ಲಿ ತಂದ ತಿದ್ದುಪಡಿಯಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಾವು ಹೆಚ್ಚಾಗಿರುವ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿರಬೇಕು ಎಂದು ಬರೆದಿದ್ದರು. ಕಂಗ್ಟಿಯ ಗೆಳೆಯರಿಗೆ ಅಷ್ಟೂ ಇಲ್ಲ. ತೆಲಂಗಾಣದ ಅಧಿಕೃತ ಭಾಷೆಗಳು ತೆಲುಗು ಮತ್ತು ಉರ್ದು. ಅವರ ಪಾಲಿಗೆ ಉಳಿದಿರುವುದು ಸಂವಿಧಾನದ 350ನೇ ವಿಧಿ. ಕುಂದುಕೊರತೆಯ ನಿವಾರಣೆಗಾಗಿ ಯಾವ ಅಧಿಕಾರಿಗೂ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಮನವಿ ಕೊಡುವ ಹಕ್ಕು ಅದರಿಂದ ಎಲ್ಲರಿಗೂ ಇದೆ. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಅದು ಹೇಳುವುದಿಲ್ಲ. ಅವರಿಗೆ ಇದನ್ನು ಬರೆದು, ಮನವಿ ಕನ್ನಡದಲ್ಲಿ ಕೊಡಿ, ಜೊತೆಗೆ ಬಿರುಕಿನ ಫೋಟೋ ಇಡಿ, ಫೋಟೋಕ್ಕೆ ಅನುವಾದ ಬೇಡ ಎಂದು ಸೇರಿಸಿದೆವು.

ನಮ್ಮ ಕಡೆಯ ಕುಟುಂಬಗಳು ಮಾಡಬಹುದಾದದ್ದು ಇನ್ನೂ ಇದೆ. ಮೇಲಿನ ಗುಡ್ಡೆಯಲ್ಲಿ ಜೆಸಿಬಿ ಸದ್ದು ಕೇಳಿದ ದಿನವೇ ಪರವಾನಿಗೆಯ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಆಳ ಎಷ್ಟು, ಗಡಿಯ ಅಂತರ ಎಷ್ಟು, ಎರಡು ಹಂತದ ಪರವಾನಿಗೆ ಆಗಿದೆಯೇ ಎಂದು ನೋಡಬೇಕು. ಅಪಾಯ ಕಣ್ಣೆದುರಿಗಿದ್ದರೆ ಕಾರ್ಯದರ್ಶಿಗೆ ಮಾತ್ರವಲ್ಲ, ವಿಪತ್ತು ನಿರ್ವಹಣಾ ಪ್ರಾಧಿಕಾರದ ಮುಖ್ಯಸ್ಥರಾದ ಜಿಲ್ಲಾಧಿಕಾರಿಗೂ ಬರೆಯಬೇಕು. ಅವರಿಗೆ ಮಣ್ಣು ತೆಗೆಯುವುದನ್ನು ನಿಲ್ಲಿಸುವ ಅಧಿಕಾರವಿದೆ, ಬಿರುಸು ಮಳೆಯ ಮುನ್ಸೂಚನೆಯಿದ್ದಾಗ ಅದನ್ನು ಬಳಸಿದ್ದೂ ಇದೆ. ಸಾರ್ವಜನಿಕ ಉಪದ್ರವ ನಿವಾರಣೆಗೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಆಗಿದೆ. ಅದರಡಿ ಉಪವಿಭಾಗದ ದಂಡಾಧಿಕಾರಿಗೆ ಅರ್ಜಿ ಕೊಡಬಹುದು. ಆಚೆಯ ಉಳ್ಳಾಲ, ಮಂಜನಾಡಿಯ ಬಂಧುಗಳಿಗೂ ಈ ಕಲಮು ಸಮಾನ.

ಕಟ್ಟಳೆ ಮಾಡುವವರಲ್ಲಿ ನಮ್ಮ ಬೇಡಿಕೆ ದೊಡ್ಡದಲ್ಲ. ಮಂಗಳೂರು ಕೇರಳದ ಎರಡು ಹಂತದ ಕ್ರಮವನ್ನು ತೆಗೆದುಕೊಳ್ಳಲಿ. ಕೇರಳ ಅದಕ್ಕೆ ನೀರಿನ ದಾರಿಯನ್ನೂ ತಿಂಗಳ ಲೆಕ್ಕವನ್ನೂ ಸೇರಿಸಲಿ: ಮೇ ಮುಗಿಯುವಾಗ ಬೋಳಾಗಿರುವ ಬರೆಗೆ ಹೊದಿಕೆಯಿಲ್ಲದಿದ್ದರೆ ಎರಡನೆಯ ಹಂತದ ಪರವಾನಿಗೆ ಸಿಗಬಾರದು. ಬೈಲಿನವರಿಗೆ ನೋಟೀಸು ಬೈಲಿನವರ ಭಾಷೆಯಲ್ಲಿ ಹೋಗಲಿ.

ಅಜ್ಜಿಯ ಎರಡನೆಯ ಅರ್ಜಿಯನ್ನು ಬರೆದುಕೊಟ್ಟದ್ದು ನಾವೇ. 1969ರ ಕಾಯಿದೆಯ ಆ ಕಲಮಿನ ಪ್ರತಿಯನ್ನು ಅದಕ್ಕೆ ಲಗತ್ತಿಸಿದ್ದೇವೆ. ಬಾವಿಯ ನೀರು ದೀಪಾವಳಿಯ ಹೊತ್ತಿಗೆ ತಿಳಿಯಾಯಿತೆಂದು ಹುಡುಗಿ ಹೇಳಿದಳು. ಮೇಲಿನ ಬರೆ ಮಾತ್ರ ಕಡಿದಿಟ್ಟ ಹಾಗೆಯೇ ನಿಂತಿದೆ, ಅದರ ಬುಡದಲ್ಲಿ ಬಿಳಿಯ ಶೇಡಿ ಕಾಣಿಸುತ್ತಿದೆ.